ದೀಪಸ್ತಂಭದ ನಾಣ್ಯ, ನನ್ನ ಹೆಬ್ಬೆರಳು

ಕ್ಯೂನಲ್ಲಿ ನನ್ನ ಮುಂದಿದ್ದವನು ತಿರುಗಿ ನಕ್ಕಾಗಲೇ ನಾನು ಮುಖ ತಿರುಗಿಸಬೇಕಿತ್ತು.

"ರೀ, ಐದು ನಿಮಿಷ ನನ್ನ ಜಾಗ ನೋಡ್ಕೋತೀರಾ? ಒಂದು ಕಾಫಿ ಕುಡಿದು ಬಂದ್ಬಿಡ್ತೀನಿ."

ಹೂಂ ಅಂದೆ. ಅಷ್ಟೇ ಅಲ್ಲ, ಹಿಂದಿನವರು ತಳ್ಳಿಕೊಂಡು ಬಂದಾಗ "ಇಲ್ಲಿ ಒಬ್ಬರಿದ್ದಾರೆ" ಅಂತ ಜಗಳವಾಡಿ ಆ ಜಾಗ ಉಳಿಸಿದೆ. ಅವನು ಮೀಸೆ ಒರೆಸಿಕೊಳ್ಳುತ್ತಾ ಬಂದ, ಥ್ಯಾಂಕ್ಸ್ ಅಂದ, ಕೌಂಟರಿಗೆ ಹೋದ. ಅವನ ಕೈಗೆ ಹೋದದ್ದೇ ಕೊನೆಯ ಬೆಳ್ಳಿ ನಾಣ್ಯ. ನನ್ನ ಮುಖದ ಮೇಲೆ ಕಿಟಕಿ ಮುಚ್ಚಿದರು.

ಆ ನಾಣ್ಯದ ಮೇಲಿದ್ದದ್ದು ಅಪ್ಪನ ದೀಪಸ್ತಂಭ, ಹಡಗುಗಳಿಗೆ ದಾರಿ ತೋರಿಸುವ ಲೈಟ್‌ಹೌಸ್. ಅದಕ್ಕೆ ನೂರೈವತ್ತು ವರ್ಷ ತುಂಬಿದ ನೆನಪಿಗೆ ಟಂಕಸಾಲೆಯವರು ಹೊಸದಾಗಿ ಬಿಡುಗಡೆ ಮಾಡಿದ್ದರು. ಚಿನ್ನದ್ದೂ ಇತ್ತು, ಅದು ನಮ್ಮಂಥವರು ಗಾಜಿನ ಈಚೆ ನಿಂತು ನೋಡುವುದಕ್ಕೆ. ಅಪ್ಪ ಮೂವತ್ತು ವರ್ಷ ಆ ದೀಪ ಹಚ್ಚಿದವರು. ಈಗ ಕಣ್ಣು ಕಾಣದೆ ಮನೆಯಲ್ಲಿ ಕೂತಿದ್ದಾರೆ. "ತಂದ್ಯೇನೇ?" ಅಂತ ಬಾಗಿಲಲ್ಲೇ ಅಂಗೈ ಚಾಚಿದರು. ಆ ಖಾಲಿ ಅಂಗೈ ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಅವತ್ತೇ ಹಲ್ಲು ಕಚ್ಚಿ ನಿಶ್ಚಯಿಸಿದೆ: ಈ ಕಾಫಿರಾಯನನ್ನು ಸುಮ್ಮನೆ ಬಿಡುವುದಿಲ್ಲ.

ಹುಡುಕುವುದೇನೂ ಕಷ್ಟವಾಗಲಿಲ್ಲ. ನನ್ನ ಟೈಲರಿಂಗ್ ಅಂಗಡಿಯಿಂದ ಎರಡು ಬೀದಿ ಆಚೆ ಗಡಿಯಾರ ರಿಪೇರಿ ಮಾಡಿಕೊಂಡಿದ್ದ. ನೆಟ್ಟಗಿದ್ದ ನನ್ನ ವಾಚಿನ ಮುಳ್ಳು ಬಗ್ಗಿಸಿಕೊಂಡು ಹೋದೆ.

"ಕ್ಯೂನಲ್ಲಿದ್ದವರು ನೀವಲ್ವಾ?" ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ತಲೆ ಎತ್ತಿದ. "ಅವತ್ತು ನಿಮ್ಮಿಂದ ನನ್ನ ಜಾಗ ಉಳೀತು."

"ಹೌದೌದು." ಆದಷ್ಟು ಸಿಹಿಯಾಗಿ ನಕ್ಕೆ. "ನಾಣ್ಯ ತೋರಿಸಲ್ವಾ?"

ತೋರಿಸಿದ. ಪುಟ್ಟ ಪಾರದರ್ಶಕ ಡಬ್ಬಿಯೊಳಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿ. ನಾನು ಕೈ ಚಾಚಿದ್ದೇ ತಡ, ಹಿಂದಕ್ಕೆಳೆದುಕೊಂಡ.

"ಮುಟ್ಟಬಾರದು ರೀ. ಬರಿಗೈ ಸೋಕಿದ್ರೆ ಬೆರಳಿನ ಗುರುತು ಕೂತ್ಬಿಡುತ್ತೆ. ಒರೆಸಿದ್ರೆ ಗೀರು ಬೀಳುತ್ತೆ. ಆಮೇಲೆ ಸಂಗ್ರಹ ಮಾಡೋರು ಯಾರೂ ಮೂಸಿ ನೋಡಲ್ಲ. ನಾನೇ ಇನ್ನೂ ಮುಟ್ಟಿಲ್ಲ."

ಅಂದರೆ ಸೇಡಿಗೆ ಕತ್ತಿ ಕಠಾರಿ ಏನೂ ಬೇಡ. ನನ್ನ ಹೆಬ್ಬೆರಳೊಂದೇ ಸಾಕು.

ಆದರೆ ಡ್ರಾಯರಿನ ಬೀಗದ ಕೈ ಸದಾ ಅವನ ಜೇಬಿನಲ್ಲಿ. ಅವಕಾಶ ಕಾಯುತ್ತಾ ಒಂದೊಂದೇ ಗಡಿಯಾರ ಕೆಡಿಸಿಕೊಂಡು ಹೋದೆ. ಅಕ್ಕನದು, ಗೋಡೆಯದು, ಅಲಾರಂ.

"ಗಡಿಯಾರಗಳಿಗೆ ಮನೇಲಿ ಏನು ಹಿಂಸೆ ಕೊಡ್ತೀರಿ ಮೇಡಂ?"

"ನನ್ನ ಕೈಗೆ ಸಿಕ್ಕಿದ್ದು ಯಾವುದೂ ಉಳಿಯಲ್ಲ."

"ಹಾಗಾದ್ರೆ ನನ್ನ ಕಥೆ ಮುಗೀತು," ಅಂದವನು ಬಗ್ಗಿ, ಬೀಳದೇ ಇದ್ದ ಸ್ಕ್ರೂ ಹುಡುಕತೊಡಗಿದ. ಕಿವಿ ಕೆಂಪಾಗಿತ್ತು.

ನನಗೆ ರೇಗಿತು. ಸೇಡು ತೀರಿಸಿಕೊಳ್ಳಬೇಕಾದವನ ಕಿವಿ ನೋಡಿ ಖುಷಿಪಡುವುದು ಎಂಥ ದರಿದ್ರ! ಮನೆಗೆ ಹೋಗಿ ಅಪ್ಪನ ಅಂಗೈ ನೆನೆಸಿಕೊಂಡು ಸಿಟ್ಟಿಗೆ ಮತ್ತೆ ಸಾಣೆ ಹಿಡಿದೆ. ನನ್ನ ವಾಚನ್ನು ಕಿವಿಗೆ ಹಿಡಿದು ಕೇಳುವಾಗ ಅವನು ಕಣ್ಣು ಮುಚ್ಚಿಕೊಳ್ಳುವುದನ್ನು ಮಾತ್ರ ಮರೆಯಲಾಗಲಿಲ್ಲ. ಅವನು ನನಗೆ ಇಷ್ಟವಾಗಿಬಿಟ್ಟಿದ್ದ. ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು.

ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. "ನೋಡ್ತಾ ಇರಿ, ಕಾಫಿ ತರ್ತೀನಿ. ಇಬ್ಬರಿಗೂ."

ಮತ್ತೆ ಕಾಫಿ! ಮತ್ತೆ ನಾನೇ ಕಾವಲು! ಅವನು ಹೊಸ್ತಿಲು ದಾಟುತ್ತಿದ್ದಂತೆ ಡಬ್ಬಿ ಬಿಚ್ಚಿದೆ. ದೀಪಸ್ತಂಭದ ಪಕ್ಕದ ಹೊಳೆಯುವ ಖಾಲಿ ಜಾಗಕ್ಕೆ ಹೆಬ್ಬೆರಳು ಒತ್ತಿದೆ, ಬಲವಾಗಿ, ಎಂಟು ತಿಂಗಳ ಸಿಟ್ಟೆಲ್ಲ ಸೇರಿಸಿ. ತೆಗೆದಾಗ ಒಂದೊಂದು ಗೆರೆಯೂ ಮೂಡಿತ್ತು. ಹೊಟ್ಟೆ ತಣ್ಣಗಾಯಿತು.

ತಲೆ ಎತ್ತಿದರೆ ಅವನು ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಬೇಕೂಂತಲೇ ಮಾಡಿದೆ," ಅಂದೆ. ಆಮೇಲೆ ತಡೆಯಲಾಗಲಿಲ್ಲ. ಕ್ಯೂ, ಅಪ್ಪ, ಕೆಡಿಸಿದ ಹನ್ನೊಂದು ಗಡಿಯಾರ, ಎಲ್ಲ ಹೇಳಿದೆ. "ಸೇಡು ತೀರಿಸ್ಕೊಳ್ಳೋಕೇ ಬರ್ತಿದ್ದೆ. ಈಗ ಬೈಯಿರಿ."

ಅವನ ಮುಖ ಬಿಳಿಚಿಕೊಂಡಿತ್ತು. ಲೋಟ ಕೆಳಗಿಟ್ಟು, ನಾಣ್ಯದ ಅಂಚು ಹಿಡಿದು ಬೆಳಕಿಗೆ ತಿರುಗಿಸಿದ. ಬಹಳ ಹೊತ್ತು ನೋಡಿದ. ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ ಅನ್ನಿಸಿ ನನಗೆ ಅಳು ಬಂತು.

"ಕಣ್ಣು ಕಾಣಲ್ಲ ಅಂದ್ರಿ. ಅವರಿಗೆ ಇದು ಯಾಕೆ ಬೇಕಿತ್ತು?"

"ಮುಟ್ಟಿ ನೋಡೋಕೆ."

"ಇದು ಮೊದಲಿನ ಹಾಗೇ ಇದ್ದಿದ್ರೆ ನಾನು ಸತ್ತರೂ ಮುಟ್ಟೋಕೆ ಬಿಡ್ತಿರಲಿಲ್ಲ." ಅವನ ದನಿ ಒರಟಾಗಿತ್ತು. "ಈಗ ಇದಕ್ಕೆ ಡಬ್ಬಿ ಯಾಕೆ? ನಡೀರಿ, ನಿಮ್ಮನೆಗೆ."

ಅಪ್ಪ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಾಡಿಸಿದರು. ಬುಡದಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋದರು. ಮೂರನೇ ಕಿಟಕಿಯಲ್ಲಿ ನಿಂತರು.

"ಇಲ್ಲಿ ಕೂತು ಸುಧಾರಿಸ್ಕೊಳ್ತಿದ್ದೆ."

ತುದಿ ಮುಟ್ಟಿ, ಅಲ್ಲಿ ಕೆತ್ತಿದ ಕಿರಣಗಳನ್ನು ಒಂದೊಂದಾಗಿ ತಡವಿದರು. "ದೀಪ ಹತ್ತಿದೆ," ಅಂದರು. ಮರುಕ್ಷಣವೇ ಹುಬ್ಬು ಗಂಟಾಯಿತು. "ಬಾಗಿಲು ಎಡಕ್ಕೆ ಹಾಕಿದ್ದಾರೆ, ಮುಠ್ಠಾಳರು! ಅದಿರೋದು ಬಲಕ್ಕೆ."

ಕಾಫಿರಾಯ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. "ಇದು ನಿಮ್ಮ ಹತ್ರಾನೇ ಇರಲಿ ಸರ್. ನಾನು ಆಗಾಗ ನೋಡ್ಕೊಂಡು ಹೋಗ್ತೀನಿ."

"ನಾಣ್ಯವನ್ನಾ?" ಅಂದರು ಅಪ್ಪ. ಈ ಸಲ ಕೆಂಪಾದದ್ದು ನನ್ನ ಕಿವಿ.

ಗೇಟಿನ ಹತ್ತಿರ ಅವನು ನಿಂತ. "ನಾನೇನೂ ಕ್ಷಮಿಸಿಲ್ಲ. ನನ್ನ ಸಂಗ್ರಹದಲ್ಲಿ ಒಂದು ಗೂಡು ಖಾಲಿಯಾಯ್ತು. ಇದಕ್ಕೆ ಸೇಡು ತೀರಿಸ್ಕೊಳ್ತೀನಿ."

"ಹೇಗೆ?"

"ಮುಂದಿನ ತಿಂಗಳು ಹೊಸ ನಾಣ್ಯ ಬರ್ತಿದೆ. ಕ್ಯೂನಲ್ಲಿ ನನ್ನ ಹಿಂದೆ ನಿಂತು ಜಾಗ ಕಾಯಬೇಕು. ಪ್ರತಿ ಬಿಡುಗಡೆಗೂ. ಇಬ್ಬರಿಗೂ ಕೂದಲು ಹಣ್ಣಾಗೋವರೆಗೂ."

ಹೂಂ ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಆದರೂ ಅಷ್ಟು ಸುಲಭಕ್ಕೆ ಬಿಡುತ್ತೇನೆಯೇ?

"ಹಿಂದೆ ನಿಲ್ಲಲ್ಲ," ಅಂದೆ. "ಮುಂದೆ ನಿಲ್ತೀನಿ. ಜಾಗ ಕಾಯೋದು ನೀವು, ಕಾಫಿ ಕುಡಿಯೋಕೆ ಹೋಗೋದು ನಾನು. ಕೊನೇ ನಾಣ್ಯ ಉಳಿದ್ರೆ ಅದೂ ನಂದೇ."

ಅವನು ನನ್ನ ಆ ಅಪರಾಧಿ ಹೆಬ್ಬೆರಳನ್ನೇ ಹುಡುಕಿ ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲಿಲ್ಲ.