ಟೆರೇಸಿನ ಮೊದಲ ಮೀನು

ನೀಲಿ ಡ್ರಮ್ಮಿನಲ್ಲಿ ಬರೀ ನೀರಿತ್ತು. ನಿನ್ನೆ ಸಂಜೆ ಯಕ್ಷಿತಾ ತೊಟ್ಟಿಯಿಂದ ಆರಿಸಿ ಬೇರೆ ಇಟ್ಟಿದ್ದ ದೊಡ್ಡ ತಿಲಾಪಿಯಾ ಮೀನುಗಳಲ್ಲಿ ಒಂದೂ ಉಳಿದಿರಲಿಲ್ಲ. ಯುವ ಉದ್ಯಮಿಗಳಿಗೆ ನೆರವು ಕೊಡುವ ಸಂಸ್ಥೆಯವರು ಬರುವುದು ಇವತ್ತೇ. ಆ ಮೀನುಗಳನ್ನು ತೂಗಿ ನೋಡಿದ ಮೇಲೆಯೇ ಅವರ ತೀರ್ಮಾನ. ನೆರವು ಸಿಕ್ಕಿದರೆ ಮುಂಬಯಿ ದಹಿಸರ್‌ನ ಈ ಟೆರೇಸಿನ ತುಂಬ ತೊಟ್ಟಿಗಳು, ಮೀನಿನ ನೀರಿನಲ್ಲೇ ಬೆಳೆಯುವ ಬಸಳೆ, ಹರಿವೆ... ಸಿಗದಿದ್ದರೆ ಎಲ್ಲವನ್ನೂ ತೆಗೆಯಬೇಕೆಂದು ಕಟ್ಟಡದ ಸೊಸೈಟಿಯವರು ಹೇಳಿಯಾಗಿತ್ತು.

ಮೆಟ್ಟಿಲಿಳಿದು ಓಡಿ ಬಂದವಳಿಗೆ ಬಾಗಿಲಲ್ಲೇ ಹುಳಿ, ಮೆಣಸಿನ ಘಮ ತಾಗಿತು. ಅಡುಗೆಮನೆಯಲ್ಲಿ ಅತ್ತೆ ವಸಂತಿ ಒಲೆಯ ಮುಂದೆ ನಿಂತಿದ್ದರು. ಕುದಿಯುವ ಕೆಂಪು ಸಾರಿನಲ್ಲಿ ಅವಳ ಮೀನುಗಳು!

ಕಡಲಿನವರ ಮನೆಯಲ್ಲಿ ತೊಟ್ಟಿ ಮೀನು ತಿನ್ನುವವರು ಯಾರು ಎಂದು ಮೊದಲ ದಿನದಿಂದ ಹಂಗಿಸಿದವರು ಈ ಅತ್ತೆ. ನೆಂಟರ ಮುಂದೆ ಅದನ್ನು ‘ಬಕೆಟ್ ಬಂಗುಡೆ’ ಎಂದು ನಗಾಡಿದ್ದರು. ಮಲ್ಪೆಯಲ್ಲಿ ದೋಣಿಗೆ ಹೋಗುತ್ತಿದ್ದ ಮಾವ ಬದುಕಿದ್ದರೆ ತಲೆ ತಗ್ಗಿಸುತ್ತಿದ್ದರು ಎಂದೂ ಹೇಳಿದ್ದರು.

“ನನ್ನನ್ನು ಹಾಳು ಮಾಡಲಿಕ್ಕೇ ಹೀಗೆ ಮಾಡಿದ್ರಾ, ಅತ್ತೆ?” ಎಂದು ಯಕ್ಷಿತಾ ಕೇಳಿದಳು.

“ಇವತ್ತು ನಿನ್ನ ಮಾವನಿಗೆ ಬಡಿಸುವ ದಿನ. ಮಿಂದು ಬಾ,” ಎಂದರು ಅತ್ತೆ, ತಿರುಗಿ ನೋಡದೆ.

ತೀರಿಹೋದವರಿಗೆ ಬಾಳೆ ಎಲೆಯಲ್ಲಿ ಅವರ ಇಷ್ಟದ ಊಟ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ಅವರ ಪದ್ಧತಿ. ಪ್ರತಿ ವರ್ಷ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಿಂದ ಕಡಲಿನ ಅಂಜಲ್ ಮೀನು ತರುತ್ತಿದ್ದ ಅತ್ತೆ, ಈ ಸಲ ಮಂಡಿನೋವಿನಲ್ಲೂ ಟೆರೇಸು ಹತ್ತಿದ್ದೇಕೆ? ಹಗೆಯಲ್ಲದೆ ಇನ್ನೇನು... ಯಕ್ಷಿತಾ ಸೆರಗು ಕಚ್ಚಿ ಅತ್ತಳು.

ಮುಚ್ಚಿದ ಬಾಗಿಲಿನ ಹೊರಗೆ ಅತ್ತೆ, ಯಕ್ಷಿತಾ, ಅವಳ ಗಂಡ ಸುಹಾಸ ಮೂವರೂ ನಿಂತಿದ್ದಾಗಲೇ ಸಂಸ್ಥೆಯ ಶೀತಲ್ ಮೇಡಂ ಮೆಟ್ಟಿಲು ಹತ್ತಿ ಬಂದರು. ತೂಗಬೇಕಾದ ಮೀನು ಒಲೆ ಸೇರಿದೆ ಎಂದು ಸುಹಾಸ ಹಿಂದಿಯಲ್ಲಿ ತಡವರಿಸುತ್ತ ಹೇಳಿದ. ಮೇಡಂ ಮುಖ ಸಪ್ಪಗಾಯಿತು. ಗಲ್ಲಿಗೊಬ್ಬಳು ಕಡಲ ಮೀನು ಮಾರುವ ಮುಂಬಯಿಯಲ್ಲಿ ತೊಟ್ಟಿ ಮೀನು ಕೊಳ್ಳುವವರು ಯಾರು, ನಿಮ್ಮವರೇ ತಿನ್ನುವುದಿಲ್ಲವಲ್ಲ ಎಂಬ ಅನುಮಾನ ತಮ್ಮವರಿಗೆ ಮೊದಲೇ ಇತ್ತು, ಈಗ ತಾನು ಏನೆಂದು ಹೇಳಲಿ ಎಂದರು.

ವಸಂತಿ ಮಗನಿಂದ ಮಾತಿನ ಅರ್ಥ ಕೇಳಿ ತಿಳಿದುಕೊಂಡರು.

“ಅವರಿಗೆ ಹೇಳು, ಸುಹಾಸ. ನಿನ್ನ ಅಪ್ಪ ದೋಣಿಯಿಂದ ತಂದ ಒಳ್ಳೆಯ ಮೀನು ಮೊದಲು ಹಿರಿಯರ ಎಲೆಗೆ, ಮಾರುವುದು ಆಮೇಲೆ. ಅವರು ಹೋದ ಮೇಲೆ ಪೇಟೆಯ ಮೀನು ಬಡಿಸಿದೆ. ಈಗ ಮನೆಯಲ್ಲೇ ಮೀನಿನವಳು ಇದ್ದಾಳೆ. ಅವಳದ್ದು ಬಿಟ್ಟು ಬೇರೆ ಇಟ್ಟರೆ ಅವರು ಮುಟ್ಟುತ್ತಾರಾ?” ಸೊಸೆಯ ಕಡೆ ತಿರುಗಿದಾಗ ಅವರ ದನಿ ಇಳಿಯಿತು. “ಬೇರೆ ಇಟ್ಟದ್ದು ಮಾರಲಿಕ್ಕೆ ಅಂತ ಎಣಿಸಿದೆ, ಮಗಾ... ತೂಗಲಿಕ್ಕೆ ಅಂತ ನನಗೆಲ್ಲಿ ಗೊತ್ತು?”

ಮೀನಿನವಳು... ಅತ್ತೆ ಯಕ್ಷಿತಾಳನ್ನು ಹಾಗೆ ಕರೆದದ್ದು ಇದೇ ಮೊದಲು.

ಸುಹಾಸ ಹೇಳಿದ್ದನ್ನೆಲ್ಲ ಕೇಳಿದ ಶೀತಲ್ ಮೇಡಂ ಮೊದಲು ಟೆರೇಸಿಗೆ ಹೋಗಿ ತೊಟ್ಟಿಯಲ್ಲಿ ಉಳಿದ ಮೀನುಗಳನ್ನು ತೂಗಿದರು. ಚಿಕ್ಕವು, ಆದರೆ ಚುರುಕಾಗಿದ್ದವು. ಬಾಗಿಲು ತೆರೆದ ಮೇಲೆ ಕೆಳಗೆ ಬಂದು ಉಂಡರು, ಕೇಳಿ ಇನ್ನೊಮ್ಮೆ ಬಡಿಸಿಕೊಂಡರು. ಅಲ್ಲಿಂದಲೇ ಕಚೇರಿಗೆ ಫೋನ್ ಮಾಡಿ ಬಹಳ ಹೊತ್ತು ವಾದಿಸಿದರು. ಕೊನೆಗೆ ನಗುತ್ತ ತಿರುಗಿದರು. ಅರ್ಧ ನೆರವು ಈಗಲೇ, ಉಳಿದದ್ದು ಮುಂದಿನ ಬೆಳೆ ತೂಗಿದ ಮೇಲೆ.

ಸುಹಾಸ ಕುಣಿದೇಬಿಟ್ಟ. ಯಕ್ಷಿತಾ ಅಳುತ್ತ, ನಗುತ್ತ ಅತ್ತೆಯ ಕಾಲಿಗೆ ಬಾಗಿದಳು. ಅತ್ತೆ ಅವಳ ರಟ್ಟೆ ಹಿಡಿದು ಎಬ್ಬಿಸಿದರು.

“ಕಾಲು ಆಮೇಲೆ ಹಿಡಿ. ಮೇಲಿನವಕ್ಕೆ ಇವತ್ತು ತಿಂಡಿ ಹಾಕಿದ್ದೀಯಾ ಇಲ್ಲವಾ?”