ಸೋಮವಾರದ ದೂರು

"ಹಳಿ ನಮ್ಮ ಹೊಲದಾಗ ಐತಿ, ಧೂಳು ನಮ್ಮ ಅನ್ನದಾಗ ಐತಿ. ಗಾಡಿ ಮಾತ್ರ ಯಾರದು?"

ಗಂಗಾಂಬಿಕಾ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಅದಿರಿನ ಗಾಡಿ ನಿಲ್ಲದೆ ಹೋಗಿಬಿಟ್ಟಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಕೆಂಪು ಧೂಳಷ್ಟೇ ಉಳಿದಿತ್ತು.

"ನನ್ನದಂತೂ ಅಲ್ರಿ," ಎಂದಿತು ಟಿಕೆಟ್ ಕಿಟಕಿಯೊಳಗಿನ ದನಿ.

ಹೊಸದಾಗಿ ಬಂದ ಸ್ಟೇಷನ್ ಮಾಸ್ತರ ಗವಿಸಿದ್ದೇಶ್. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ. ಅದು ಅವಳ ಸಿಟ್ಟನ್ನು ಇನ್ನಷ್ಟು ಕೆಣಕಿತು.

"ಕೊಟ್ಟೂರಿಗೆ ಎರಡು ಟಿಕೆಟ್ ಕೊಡ್ರಿ."

"ಪ್ಯಾಸೆಂಜರ್ ಗಾಡಿ ಇಲ್ರಿ."

"ಹಂಗಾರ ಕಂಪ್ಲೇಂಟ್ ಬುಕ್ ಕೊಡ್ರಿ."

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರು ಮುಟ್ಟುವ ಆ ಹಳಿಗೆ ಅವಳ ಮುತ್ತಜ್ಜ ಮಣ್ಣು ಹೊತ್ತಿದ್ದನಂತೆ. ತಾಯಿ ಕಲ್ಯಾಣಮ್ಮ ಪ್ರತಿ ಸೋಮವಾರ ಸಣ್ಣ ಹಳಿಯ ಗಾಡಿಯಲ್ಲಿ ಕೊಟ್ಟೂರೇಶ್ವರನ ದರ್ಶನಕ್ಕೆ ಹೋಗುತ್ತಿದ್ದಳು, ಗಾಲಿಗಳ ಸದ್ದನ್ನೇ ತಾಳ ಮಾಡಿಕೊಂಡು ವಚನ ಹೇಳುತ್ತ. ಇಡೀ ಡಬ್ಬಿ ಕಿವಿಗೊಡುತ್ತಿತ್ತು.

ಆಮೇಲೆ "ಹಳಿ ಅಗಲ ಮಾಡಬೇಕು, ಸ್ವಲ್ಪ ತಡೀರಿ" ಎಂದರು. ಜನ ತಡೆದರು. ವರ್ಷಗಟ್ಟಲೆ ತಡೆದರು. ಹಳಿ ಅಗಲವಾಯಿತು, ಅದಿರು ಹತ್ತಿತು, ಜನ ಕೆಳಗೇ ಉಳಿದರು. ಬಸ್ಸಿನ ನೂಕಾಟ ತಡೆಯದ ಮೊಣಕಾಲಿನ ಕಲ್ಯಾಣಮ್ಮ ಈಗ ಗೋಡೆಯ ಪಟಕ್ಕೆ ಕೈಮುಗಿದು ಸುಮ್ಮನಾಗುತ್ತಾಳೆ. ಯಾವ ನ್ಯಾಯವಿದು?

ಅದಕ್ಕೇ ಗಂಗಾಂಬಿಕಾ ಪ್ರತಿ ಸೋಮವಾರ ಬಂದಳು, ಬರೆದಳು. ದೂರಿನ ಕೆಳಗೆ ಗವಿಸಿದ್ದೇಶ್ ಉತ್ತರ ಬರೆಯಬೇಕು.

"'ಗಮನಕ್ಕೆ ಬಂದಿದೆ' ಅಂತ ಎಷ್ಟು ಸಲ ಬರೀತೀರಿ ಮಾಸ್ತರ? ಏನ್ ಬಂದೈತಿ ಗಮನಕ್ಕ?"

"ನೀವು ಇವತ್ತು ಕನಕಾಂಬರ ಮುಡಿದದ್ದು."

ಅವಳ ಪೆನ್ನು ನಿಂತಿತು. "ಇದಕ್ಕೂ ಒಂದು ಕಂಪ್ಲೇಂಟ್ ಬರೀತೀನಿ."

"ಬರೀರಿ. ಅದನ್ನ ಮ್ಯಾಲಕ್ಕ ಕಳಸಂಗಿಲ್ಲ, ನನ್ನ ಹತ್ರಾನ ಇಟ್ಕೋತೀನಿ."

ತಲೆ ತಗ್ಗಿಸಿಯೇ ಬರೆದಳು. ಅಕ್ಷರಗಳು ಸಾಲು ತಪ್ಪಿದವು. ಸರಳಿನಾಚೆಯ ಕಣ್ಣುಗಳು ತನ್ನ ಬೆರಳನ್ನೇ ಹಿಂಬಾಲಿಸುತ್ತಿರುವುದು ನೋಡದೆಯೂ ಅವಳಿಗೆ ತಿಳಿಯುತ್ತಿತ್ತು.

ಎರಡನೆಯ ವರ್ಷದ ಶ್ರಾವಣದಲ್ಲಿ ಒಂದು ಸೋಮವಾರ ಜೀಪು ಬಂತು. ರೈಲ್ವೆಯ ಮೇಲಿನ ಸಾಹೇಬರು ಮೇಜಿನ ಮೇಲೊಂದು ಕಾಗದವಿಟ್ಟು ಚಹಾ ಕುಡಿಯುತ್ತ ಕೂತರು. ಗವಿಸಿದ್ದೇಶ್ ಹೊರಗೆ, ಅವಳ ಬಳಿಗೆ ಬಂದ.

"ಒಂದು ಸಹಿ ಹಾಕಿದ್ರ ಹೊಸಪೇಟಿಗೆ ಟ್ರಾನ್ಸ್‌ಫರ್, ಕ್ವಾರ್ಟರ್ಸ್ ಸಿಗತೈತಿ. ಇಲ್ಲಿ ನಂದು ಒಂದ ರೂಮು. ಅಲ್ಲಿ ನಿಮ್ಮ ಅಮ್ಮನ ಮೊಣಕಾಲಿಗೆ ದೊಡ್ಡ ದವಾಖಾನಿನೂ ಐತಿ." ಒಂದು ಹೆಜ್ಜೆ ಹತ್ತಿರ ಬಂದ. "ಮದುವಿ ಮಾತಿಗೆ ನಿಮ್ಮ ಮನಿಗೆ ಬರ್ಲೇನ್ರಿ?"

ಅವಳ ಕೆನ್ನೆ ಬೆಚ್ಚಗಾಯಿತು. ವರ್ಷಕ್ಕೂ ಮಿಕ್ಕಿ ಕಾದಿದ್ದ ಮಾತು.

"ಏನ್ ಸಹಿ?"

ಅವನು ನೆಲ ನೋಡಿದ. "ಈ ಸ್ಟೇಷನ್‌ನಾಗ ಪ್ಯಾಸೆಂಜರ್ ಗಾಡಿಗೆ ಬೇಡಿಕಿ ಇಲ್ಲ ಅಂತ."

"ಅಂದ್ರ ನಾ ಬಂದ ಇಲ್ಲ! ಇಷ್ಟು ಸೋಮವಾರ ಈ ಕಿಟಕಿ ಮುಂದ ನಿಂತಾಕಿ ಯಾರ್ರಿ, ದೆವ್ವಾನ? ನಾ ಇಲ್ಲ ಅಂತ ಬರದುಕೊಟ್ಟು, ಆಮ್ಯಾಲೆ ಯಾರನ್ನ ಮದುವಿ ಆಗ್ತೀರಿ?"

"ಹಾಕಲಿಲ್ಲ ಅಂದ್ರ ಇಲ್ಲೇ ಕೊಳೀತೀನ್ರಿ. ಆ ಒಂದು ರೂಮಿನಾಗ ನಿಮ್ಮನ್ನ ಹೆಂಗ..."

"ಒಂದು ರೂಮು ಸಾಲದು ಅಂತ ನಾ ಅಂದೇನೇನು?"

ಅವನು ತಲೆಯೆತ್ತಿದ. ಅವಳ ಕಣ್ಣು ತುಂಬಿದ್ದವು, ರೆಪ್ಪೆ ಮಾತ್ರ ಅಲುಗಲಿಲ್ಲ.

"ಮಾಸ್ತರ, ಹೊತ್ತಾತಪ್ಪ!" ಸಾಹೇಬರು ಒಳಗಿಂದ ಕೂಗಿದರು. "ಲಗೂನ ಗೀಚಿ ಕೊಡು. ಈ ಊರಾಗ ಗಾಡಿ ಬೇಕಂತ ಯಾರು ಕೇಳ್ಯಾರ?"

ಗವಿಸಿದ್ದೇಶ್ ಬಾಗಿಲಿಗೆ ಹೋಗಿ ನಿಂತ. ಅವಳೂ ಬಂದು ಅವನ ಪಕ್ಕದಲ್ಲೇ ನಿಂತಳು.

"ಈಕಿ ಕೇಳ್ಯಾಳ್ರಿ ಸಾಹೇಬ್ರ. ನಾ ಸಹಿ ಹಾಕಂಗಿಲ್ಲ."