ನಿಂತವಳಿಗೂ ಕೇಳುವಂತೆ

ನೆರಿಡಾಳ ಬಾಯಿಯ ತುಂಬ ಮೊಳೆಗಳಿದ್ದವು.

ಸೋಫಾಗೆ ಹೊಸ ಬಟ್ಟೆ ಬಿಗಿಯುವಾಗ ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಹೊಡೆಯುವುದು ಅವಳ ರೂಢಿ. ಹಾಗಾಗಿಯೇ, ಅವಳ ಅಂಗಡಿಗೆ ನುಗ್ಗಿದ ಎತ್ತರದ ಗಂಡಸೊಬ್ಬ ಅಲ್ಲಿದ್ದ ಹೊಸ ಬಟ್ಟೆಯ ಸುರುಳಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಉಫ್ ಎಂದು ಊದಿದಾಗ ಅವಳಿಗೆ ಕೂಗಲು ಆಗಲಿಲ್ಲ!

"ಮ್ಮ್! ಮ್ಮ್ಮ್!"

"ಒಂದು ನಿಮಿಷ..." ಎಂದು ಅವನು ಇನ್ನೊಂದು ಬಟ್ಟೆಗೆ ಬಾಯಿಟ್ಟ.

ಅವಳು ಮೊಳೆಗಳನ್ನು ಅಂಗೈಗೆ ಉಗಿದಳು. "ಏನ್ರೀ ಇದು? ಆ ಎಂಜಲು ಬಟ್ಟೆ ಇನ್ಯಾರು ತಗೋತಾರೆ?"

"ನಾನೇ ತಗೋತೀನಿ. ಮನೇಲಿ ಸ್ಪೀಕರ್ ಕಟ್ತಾ ಇದೀನಿ, ಅದರ ಮುಂದೆ ಹೊದಿಸೋಕೆ. ಉಸಿರು ಆಚೆ ಹೋಗೋ ಬಟ್ಟೆ ಆದ್ರೆ ಹಾಡೂ ಹೋಗುತ್ತೆ." ಕಿವಿಯವರೆಗೆ ಕೆಂಪಾದ ಅವನು. "ನಾನು ವಾರಿಕ್."

ಅವಳಿಗೆ ನಗು ತಡೆಯಲಾಗಲಿಲ್ಲ.

ಲಾನ್ಸೆಸ್ಟನ್‌ನ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ವಾರಿಕ್ ಆಮೇಲೆ ಬರುತ್ತಲೇ ಇದ್ದ. ಮೊದಲು ಅಂಟಿನ ನೆಪ, ಆಮೇಲೆ ಕತ್ತರಿಯ ನೆಪ. ನದಿಯ ಮೇಲೆ ಮಂಜು ಕವಿಯುವ ಚಳಿಗಾಲದ ಹೊತ್ತಿಗೆ ನೆಪಗಳೆಲ್ಲ ಮುಗಿದು, ಬೇಕರಿಯಿಂದ ಎರಡು ಬಿಸಿ ಪೈ ಹಿಡಿದು ಸುಮ್ಮನೆ ಬರತೊಡಗಿದ. ಅವನು ಹತ್ತಿಯ ಮೂಟೆಯ ಮೇಲೆ ಕೂತು ತಿನ್ನುತ್ತಿದ್ದ. ಅವಳು ನಿಂತೇ ತಿನ್ನುತ್ತಿದ್ದಳು.

"ಊರಿಗೆಲ್ಲ ಕುರ್ಚಿ ಮಾಡಿಕೊಡ್ತೀರಿ. ನೀವು ಕೂತಿದ್ದನ್ನ ಮಾತ್ರ ನಾನು ನೋಡೇ ಇಲ್ಲ."

"ನಾನು ಕೂತರೆ ಅಂಗಡಿ ಯಾರು ನಡೆಸ್ತಾರೆ, ನೀವಾ?"

ನಗುತ್ತಲೇ ಹೇಳಿದ್ದಳು. ಆದರೆ ಮದುವೆಯಾಗಿದ್ದ ಅಷ್ಟು ವರ್ಷವೂ, ಅವಳು ಕೂತಾಗಲೆಲ್ಲ ಯಾರಾದರೂ ಏನಾದರೂ ಕೆಲಸಕ್ಕೆ ಕರೆಯುತ್ತಿದ್ದರು. ಗಂಡ ಬಿಟ್ಟು ಹೋದ ಮೇಲೂ ಕಾಲುಗಳು ಆ ಕರೆಗೆ ಕಾಯುವುದನ್ನು ಮರೆತಿರಲಿಲ್ಲ...

ಒಂದು ಶನಿವಾರ ಬಟ್ಟೆಯ ಅಳತೆ ತೆಗೆಯಲು ಅವನ ಮನೆಗೆ ಹೋದಳು. ಎದೆಯೆತ್ತರದ ಎರಡು ಮರದ ಕಂಬಗಳು. ಒಂದೊಂದರಲ್ಲೂ ಅಂಗೈಯಗಲದ ಪುಟ್ಟ ಸ್ಪೀಕರ್‌ಗಳು, ಒಂದರ ಮೇಲೊಂದು ಸಾಲಾಗಿ. ಅವುಗಳ ಎದುರಿಗೆ ಒಂದು ಕುರ್ಚಿ. ಅದರ ಕಾಲುಗಳು ಕದಲದಂತೆ ನೆಲಕ್ಕೆ ಟೇಪಿನ ಗುರುತು ಬೇರೆ!

ಒಂದೇ ಕುರ್ಚಿ... ಅವಳ ಮನಸ್ಸು ಚುರ್ ಎಂದಿತು.

"ಕೂತ್ಕೊಳ್ಳಿ. ಹಾಡು ಸರಿಯಾಗಿ ಕೇಳೋದು ಅಲ್ಲೇ."

"ಬೇಡ, ನಾನು ಇಲ್ಲೇ ಇರ್ತೀನಿ." ಬಾಗಿಲ ಬಳಿ ನಿಂತಳು.

ಒಬ್ಬ ಹೆಂಗಸಿನ ಹಾಡು ಹಾಕಿ ಆಸೆಯಿಂದ ಅವಳ ಮುಖ ನೋಡಿದ. "ಹೇಗಿದೆ?"

"ನಿಜ ಹೇಳಲಾ? ಪಾಪ, ಆಕೆ ಕಂಬಳಿ ಹೊದ್ಕೊಂಡು ಹಾಡ್ತಿದ್ದಾಳೇನೋ ಅನ್ನಿಸುತ್ತೆ!"

ಅವನು ನಗಲಿಲ್ಲ. ಅವಳನ್ನು ನೋಡಿದ, ಕಂಬಗಳನ್ನು ನೋಡಿದ, ಹಾಡು ನಿಲ್ಲಿಸಿಬಿಟ್ಟ. "ಬಟ್ಟೆ... ಈಗ ಬೇಡ."

ಅಂದಿನಿಂದ ವಾರಿಕ್ ಬರಲಿಲ್ಲ. ಪೈ ಇಲ್ಲ, ಫೋನಿಲ್ಲ. 'ನನ್ನ ನಾಲಿಗೆಗಿಷ್ಟು!' ಎಂದು ಬೈದುಕೊಂಡಳು. 'ಇಲ್ಲ, ಅವನ ಮನೆಯಲ್ಲಿ ಇರುವುದೇ ಒಬ್ಬರಿಗೆ ಜಾಗ...' ಎಂದು ಕಣ್ಣೊರೆಸಿಕೊಂಡಳು. ಹೀಗೇ ಎರಡು ತಿಂಗಳು ಕಳೆಯಿತು.

ದೂರದ ಬಿಸಿಲೂರು ಕೇರ್ನ್ಸ್‌ನಿಂದ ಅಕ್ಕ ಗ್ವೆನ್ ಬಿಡದೆ ಫೋನ್ ಮಾಡುತ್ತಿದ್ದಳು. "ಅಂಗಡಿ ಕೊಳ್ಳೋಕೆ ಜನ ಸಿಕ್ಕಿದಾರೆ, ಮಾರಿ ಬಂದುಬಿಡೇ! ನನ್ನ ಜೊತೆ ಇರು. ಆ ಚಳೀಲಿ ಯಾರಿಗೋಸ್ಕರ ಕೂತಿದೀಯ?"

"ಕೂತಿಲ್ಲ ಕಣೇ ಅಕ್ಕ, ನಿಂತಿದೀನಿ."

"ತಮಾಷೆ ಸಾಕು. ಭಾನುವಾರ ಅವರಿಗೆ ಉತ್ತರ ಕೊಡಬೇಕು."

ಸರಿ, ಹೂಂ ಅಂದುಬಿಡುವುದು ಎಂದುಕೊಂಡಳು ನೆರಿಡಾ.

ಶನಿವಾರ ಬೆಳಿಗ್ಗೆ ವಾರಿಕ್ ಬಂದು ನಿಂತ! ತಲೆಯ ತುಂಬ ಮರದ ಹೊಟ್ಟು.

"ಬಟ್ಟೆ ಬೇಕಿತ್ತು. ಮೊದಲು ಹೇಳಿದ್ದರ ಎರಡರಷ್ಟು ಉದ್ದ."

ಅವಳ ಎದೆ ಹಾರಿತು. ಆದರೂ ಬಿಗುವಾಗಿಯೇ ಅಂದಳು, "ನಾನೇ ಬಂದು ಹೊಡೆದುಕೊಡ್ತೀನಿ." ಇದೊಂದು ಕೆಲಸ ಮುಗಿಸಿ ಹೋಗಿಬಿಡೋಣ...

ಅವನ ಕೋಣೆಯಲ್ಲಿ ಹಳೆಯ ಕಂಬಗಳಿರಲಿಲ್ಲ. ನೆಲದಿಂದ ಸೂರಿನವರೆಗೆ ಎದ್ದು ನಿಂತಿದ್ದವು ಹೊಸ ಎರಡು. ನೆರಿಡಾ ಬಟ್ಟೆ ಹೊದಿಸುವ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ, ಬಾಯಿ ತುಂಬ ಮೊಳೆ ತುಂಬಿಕೊಂಡು ಕೆಲಸಕ್ಕೆ ತೊಡಗಿದಳು.

"ಈಗ ಹೇಳ್ತೀನಿ," ಎಂದ ವಾರಿಕ್. "ಈಗಾದ್ರೆ ನೀವು ಬೈಯೋಕಾಗಲ್ಲ."

ಸುತ್ತಿಗೆ ಅರ್ಧದಲ್ಲೇ ನಿಂತಿತು.

"ಮೊದಲಿನದನ್ನ ಕೂತವರ ಕಿವಿಯ ಎತ್ತರಕ್ಕೆ ಕಟ್ಟಿದ್ದೆ. ಸ್ಪೀಕರ್ ಸಾಲು ಎಲ್ಲಿ ಮುಗಿಯುತ್ತೋ ಅದರ ಮೇಲೆ ಹಾಡು ಮಂಕಾಗುತ್ತೆ. ನೀವು ನಿಂತಿದ್ರಿ. ಕಂಬಳಿ ಅಂದಿದ್ದು ಸರಿಯಾಗೇ ಇತ್ತು, ನೆರಿಡಾ. ನಾನು ಒಬ್ಬನಿಗೇ ಅಂತ ಕಟ್ಟಿದ್ದೆ... ನಿಮ್ಮನ್ನ ಕೂರಿಸೋದು ನನ್ನ ಕೈಲಾಗಲ್ಲ. ಸ್ಪೀಕರ್ ಎತ್ತರ ಮಾಡೋದು ಆಗುತ್ತಲ್ಲ?"

ಅವಳು ಮೊಳೆಗಳನ್ನು ಉಗಿದಳು. "ಎರಡು ತಿಂಗಳು ಮುಖ ತೋರಿಸೋಕೆ ಏನಾಗಿತ್ತು?"

"ತಂತಿ ತಪ್ಪಾಗಿ ಜೋಡಿಸಿ ಆಂಪ್ಲಿಫೈಯರ್ ಸುಟ್ಟೆ. ನಾನೂ ಒಬ್ಬ ಎಲೆಕ್ಟ್ರಿಷಿಯನ್ ಅಂತ ಯಾವ ಮುಖ ಇಟ್ಕೊಂಡು ಬರ್ಲಿ?" ಅವನ ದನಿ ತಗ್ಗಿತು. "ಒಬ್ಬನೇ ಕೇಳಿ ಕೇಳಿ ಸಾಕಾಗಿದೆ."

ಅವಳು ಬಟ್ಟೆಯ ಕೊನೆಯ ಅಂಚನ್ನು ಬಿಗಿದಳು.

ಚೌಕಟ್ಟು ಕೂರಿಸಿ ಅವನು ಹಾಡು ಹಾಕಿದ. ಪಿಯಾನೋ ಜೊತೆ ಅದೇ ಹೆಂಗಸಿನ ದನಿ. ನೆರಿಡಾ ಬಾಗಿಲ ಬಳಿ ನಿಂತಳು. ಕಂಬಳಿ ಇರಲಿಲ್ಲ! ಕಿಟಕಿಗೆ ಹೋದಳು. ಅಡುಗೆಮನೆಯ ನಲ್ಲಿಯವರೆಗೂ ನಡೆದಳು. ದೂರ ಹೋದರೂ ದನಿ ಹೆಚ್ಚೇನೂ ಕುಂದಲಿಲ್ಲ. ಅವಳು ಎಲ್ಲಿ ನಿಂತರೂ ಆ ಹಾಡುಗಾತಿ ಪಕ್ಕದಲ್ಲೇ ನಿಂತು ಹಾಡುತ್ತಿದ್ದಳು.

ಅವಳ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ, ಇದ್ದಲ್ಲಿಯೇ ಇರು ಎಂದು ಅವಳಿಗೆ ಯಾರು ಹೇಳಿದ್ದರು?

ಮೆಲ್ಲನೆ ಹಿಂತಿರುಗಿ ಬಂದು, ಇದ್ದ ಒಂದೇ ಕುರ್ಚಿಯಲ್ಲಿ ಕೂತಳು. ಯಾರೂ ಕರೆಯಲಿಲ್ಲ.

"ನೀವು... ಕೂತ್ರಿ!"

"ಶ್! ಹಾಡು ಕೇಳ್ಬೇಕು."

"ಮತ್ತೆ ನಾನೆಲ್ಲಿ ಕೂರ್ಲಿ?"

"ನಿಂತ್ಕೊಳ್ಳಿ. ನಿಂತವರಿಗೂ ಕೇಳುತ್ತಲ್ಲ!"

ಅವನು ನಕ್ಕು ಕುರ್ಚಿಯ ಹಿಂದೆ ನಿಂತ. ಅವನ ಕೈ ಕುರ್ಚಿಯ ಬೆನ್ನಿನ ಮೇಲೆ, ಅವಳ ಹೆಗಲಿಗೆ ತಾಗಿಯೂ ತಾಗದ ಹಾಗೆ. ಅವಳು ಹೆಗಲನ್ನು ಕೊಂಚ ಹಿಂದಕ್ಕೆ ಒರಗಿಸಿದಳು.

ಅಂಗಡಿ ಮಾರುವ ಮಾತು ವಾರಿಕ್‌ಗೆ ಗೊತ್ತೇ ಇರಲಿಲ್ಲ. ನಾಳೆ ಫೋನ್ ಬಂದಾಗ 'ಮಾರುವುದಿಲ್ಲ' ಎಂದರೆ ಅಕ್ಕ ಸಿಟ್ಟಾಗುತ್ತಾಳೆ, ಆಗಲಿ. ಅಕ್ಕನಿಗೂ ಕಾರಣ ಹೇಳಬೇಕಾಗಿಲ್ಲ.

ನೆರಿಡಾ ಟೇಪಿನ ಗುರುತಿನ ಪಕ್ಕದ ಖಾಲಿ ಜಾಗವನ್ನು ಕಣ್ಣಲ್ಲೇ ಅಳೆದಳು. ಇನ್ನೊಂದು ಕುರ್ಚಿ ಧಾರಾಳವಾಗಿ ಹಿಡಿಯುತ್ತದೆ.